ನಾಟಿ ತಳಿ ಉಳಿಸುವ ಖರ್ಚು: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಸಣ್ಣ ಹಿಡುವಳಿಯಲ್ಲಿ ನಾಟಿ ತಳಿ ಉಳಿಸುವ ಲೆಕ್ಕಾಚಾರದ ಬಗ್ಗೆ ಬಂದ ಪತ್ರಗಳಿಂದ ಆರಿಸಿದ ಪ್ರಶ್ನೆಗಳು ಇಲ್ಲಿವೆ. ದರ ಎಲ್ಲ ಕಡೆ ಒಂದೇ ಇರುವುದಿಲ್ಲ. ಹಾಗಾಗಿ ಒಂದು ಕ್ವಿಂಟಲ್ ಭತ್ತದ ಬೆಲೆಯನ್ನು 100 ಎಂದಿಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಲೆಕ್ಕ ಹಾಕಿದ್ದೇವೆ. ನಿಮ್ಮ ಅಂಕಿಗಳನ್ನು ಹಾಕಿ ನೀವೇ ಮತ್ತೊಮ್ಮೆ ಮಾಡಿ ನೋಡಿ.

ಪ್ರಶ್ನೆ: ಸುಧಾರಿತ ಭತ್ತ ಎಕರೆಗೆ 20 ಕ್ವಿಂಟಲ್ ಬಂದರೆ ನಮ್ಮ ಮನೆಯ ಹಳೆಯ ತಳಿ 12 ಕ್ವಿಂಟಲ್ ಬರುತ್ತದೆ. ಎಂಟು ಕ್ವಿಂಟಲ್ ಬಿಟ್ಟುಕೊಟ್ಟು ಇದನ್ನು ಯಾಕೆ ಬೆಳೆಯಬೇಕು?

ಉತ್ತರ: ಎಂಟು ಕ್ವಿಂಟಲ್ ಕಾಳಿನ ಬೆಲೆಯಷ್ಟೂ ನಷ್ಟ ಎಂದು ಬರೆದುಕೊಂಡರೆ ಲೆಕ್ಕ ಮೊದಲ ಸಾಲಿನಲ್ಲೇ ತಪ್ಪುತ್ತದೆ. ಬಿಟ್ಟುಹೋದ ಬಾಬ್ತುಗಳು ಮೂರಿವೆ: ಹುಲ್ಲು, ಕೈಯಿಂದ ಹೋಗುವ ಖರ್ಚು, ಕೆಟ್ಟ ವರ್ಷ.

ಮೊದಲು ಹುಲ್ಲು. ಗಿಡ್ಡ ಜಾತಿಯ ಸುಧಾರಿತ ಭತ್ತದಲ್ಲಿ ಪೈರಿನ ಒಟ್ಟು ಒಣತೂಕದ ಸುಮಾರು ಅರ್ಧ ಕಾಳಾಗುತ್ತದೆ. ಎತ್ತರದ ಹಳೆಯ ತಳಿಗಳಲ್ಲಿ ಮೂರನೆಯ ಒಂದು ಪಾಲಿನ ಆಸುಪಾಸು. ಅಂದರೆ 20 ಕ್ವಿಂಟಲ್ ಕಾಳಿನ ಜೊತೆ 20 ಕ್ವಿಂಟಲ್ ಹುಲ್ಲು ಬಂದರೆ, 12 ಕ್ವಿಂಟಲ್ ಕಾಳಿನ ಜೊತೆ 24 ಕ್ವಿಂಟಲ್ ಹುಲ್ಲು ಬರುತ್ತದೆ. ಹುಲ್ಲಿಗೆ ಕ್ವಿಂಟಲ್‌ಗೆ 15 ಹಿಡಿದರೆ ಸುಧಾರಿತ ತಳಿಯ ಒಟ್ಟು ಹುಟ್ಟುವಳಿ 2,300, ನಾಟಿಯದು 1,560. ದನ ಕಟ್ಟಿದ ಮನೆಗೆ ಈ ಹುಲ್ಲಿನ ಲೆಕ್ಕ ಬಿಡುವಂಥದ್ದಲ್ಲ.

ಇನ್ನು ಖರ್ಚು. ಬೀಜ, ಗೊಬ್ಬರ, ಔಷಧಿ, ಕೂಲಿ ಸೇರಿ ಸುಧಾರಿತ ತಳಿಗೆ 1,300, ನಾಟಿಗೆ 750 ಎಂದುಕೊಳ್ಳೋಣ. ನಿವ್ವಳ ಉಳಿಯುವುದು 1,000 ಮತ್ತು 810. ಎಂಟುನೂರರ ಅಂತರ ಎಂದು ಕಂಡದ್ದು ಈಗ 190ಕ್ಕೆ ಇಳಿಯಿತು. ಇದನ್ನು ತುಂಬಿಕೊಳ್ಳಲು ನಾಟಿ ಭತ್ತಕ್ಕೆ ಕ್ವಿಂಟಲ್‌ಗೆ 16 ಹೆಚ್ಚಿಗೆ ಸಿಕ್ಕರೆ ಸಾಕು.

ಕೆಟ್ಟ ವರ್ಷದಲ್ಲಿ ಏನಾಗುತ್ತದೆ? ಸುಧಾರಿತ ತಳಿ 8 ಕ್ವಿಂಟಲ್ ಕಾಳು, 10 ಕ್ವಿಂಟಲ್ ಹುಲ್ಲಿಗೆ ಇಳಿದರೆ 350 ಕೈಬಿಟ್ಟು ಹೋಗುತ್ತದೆ, ಯಾಕೆಂದರೆ 1,300 ಖರ್ಚು ಆಗಲೇ ಆಗಿರುತ್ತದೆ. ನಾಟಿ 9 ಕ್ವಿಂಟಲ್ ಕಾಳು, 18 ಕ್ವಿಂಟಲ್ ಹುಲ್ಲಿಗೆ ಇಳಿದರೂ 420 ಕೈಯಲ್ಲಿ ಉಳಿಯುತ್ತದೆ. ಐದು ವರ್ಷಕ್ಕೆ ಒಂದು ಕೆಟ್ಟ ವರ್ಷ ಬಂದರೆ ಒಟ್ಟು ಮೊತ್ತ 3,650 ಮತ್ತು 3,660, ಅಂದರೆ ಸರಿಸಮ. ನಾಲ್ಕಕ್ಕೆ ಒಂದಾದರೆ ನಾಟಿ ಮುಂದೆ. ಹತ್ತಕ್ಕೆ ಒಂದೇ ಆದರೆ ಸುಧಾರಿತ ತಳಿ ಸ್ಪಷ್ಟವಾಗಿ ಮುಂದೆ. ಸಾಲ ತಂದು ಬೆಳೆ ಇಡುವವರು ಕೆಟ್ಟ ವರ್ಷದ 350ರ ಮೇಲೆ ಬಡ್ಡಿಯನ್ನೂ ಸೇರಿಸಿಕೊಳ್ಳಬೇಕು.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ಎಲ್ಲ ನಾಟಿ ತಳಿಯೂ ಬರ ತಡೆಯುವುದಿಲ್ಲ. ಕೆಲವು ನೆರೆ ತಡೆಯುತ್ತವೆ, ಕೆಲವು ಚೌಳು ತಡೆಯುತ್ತವೆ, ಕೆಲವು ಯಾವುದನ್ನೂ ತಡೆಯುವುದಿಲ್ಲ. ಹೊಲದ ಕೆಟ್ಟ ವರ್ಷ ಯಾವ ಬಗೆಯದು, ತಳಿಯ ಬಲ ಯಾವ ಬಗೆಯದು ಎಂಬುದು ಹೊಂದಬೇಕು. ಇನ್ನೊಂದು, ನಾಟಿಗೆ ಸುಧಾರಿತ ತಳಿಯ ಪ್ರಮಾಣದಲ್ಲಿ ಸಾರಜನಕ ಕೊಟ್ಟರೆ ಕಾಂಡ ಎಳೆದುಕೊಂಡು ಬೆಳೆದು, ಕಾಳು ಹಾಲುಗಟ್ಟುವ ಹೊತ್ತಿಗೆ ಪೈರು ನೆಲಕ್ಕೆ ಮಲಗುತ್ತದೆ. ಜೊಳ್ಳು ಹೆಚ್ಚುತ್ತದೆ, ಕೊಯ್ಲಿನ ಕೂಲಿ ಏರುತ್ತದೆ. ನಾಟಿ ತಳಿಯಲ್ಲಿ ನಷ್ಟ ಎಂದು ಕೇಳಿಬರುವ ಎಷ್ಟೋ ಲೆಕ್ಕಗಳ ಹಿಂದೆ ಇರುವುದು ಈ ಹೆಚ್ಚಿನ ಗೊಬ್ಬರ.

ಪ್ರಶ್ನೆ: ತಳಿ ನಶಿಸಿಹೋಗದಂತೆ ನೋಡಿಕೊಳ್ಳಲು ಕಡಿಮೆಯೆಂದರೆ ಎಷ್ಟು ಜಾಗ ಬಿಡಬೇಕು? ನಮಗಿರುವುದೇ ಎರಡು ಎಕರೆ.

ಉತ್ತರ: ಎಲ್ಲ ಸಣ್ಣ ರೈತರೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಮಾರುವುದಕ್ಕೆ ಬೇಕಾದ ಜಾಗವೇ ಬೇರೆ, ತಳಿ ಉಳಿಸುವುದಕ್ಕೆ ಬೇಕಾದ ಜಾಗವೇ ಬೇರೆ. ಇವೆರಡನ್ನೂ ಒಂದೇ ಖಾತೆಗೆ ಬರೆಯುವುದರಿಂದ ನಾಟಿ ತಳಿ ದುಬಾರಿಯಾಗಿ ಕಾಣುತ್ತದೆ.

ಭತ್ತ, ಗೋಧಿ, ಹೆಸರು, ಉದ್ದು ಇವೆಲ್ಲ ಬಹುಮಟ್ಟಿಗೆ ತಮ್ಮ ಹೂವಿನ ಪರಾಗದಿಂದಲೇ ಕಾಳು ಕಟ್ಟುವ ಬೆಳೆಗಳು. ಭತ್ತದಲ್ಲಿ 20 ಸೆಂಟಿಮೀಟರ್‌ಗೆ ಒಂದರಂತೆ ಒಂಟಿ ಸಸಿ ನೆಟ್ಟರೆ ಚದರ ಮೀಟರಿಗೆ 25 ಗಿಡ. ಸಾವಿರ ಗಿಡಕ್ಕೆ 40 ಚದರ ಮೀಟರ್, ಅಂದರೆ ಎಕರೆಯ ನೂರನೇ ಒಂದು ಭಾಗ. ಮೇಲಿನ ಲೆಕ್ಕದಂತೆ ಎಕರೆಗೆ 190ರ ಅಂತರ ಇದ್ದರೆ ಇಷ್ಟು ಜಾಗಕ್ಕೆ ಬೀಳುವ ನಷ್ಟ 1.9 ಮಾತ್ರ! ಪಕ್ಕದ ತಳಿಯಿಂದ 3 ಮೀಟರ್ ಅಂತರ ಬಿಟ್ಟರೆ ಸಾಕು.

ಮೆಕ್ಕೆಜೋಳದ ಲೆಕ್ಕ ಬೇರೆ. ಅದರ ಪರಾಗ ಗಾಳಿಯಲ್ಲಿ ಹಾರುತ್ತದೆ. ಪಕ್ಕದಲ್ಲಿ ಹೈಬ್ರಿಡ್ ಇದ್ದರೆ ಕನಿಷ್ಠ 200 ಮೀಟರ್ ದೂರ ಬೇಕು. ಸಣ್ಣ ಹಿಡುವಳಿಯಲ್ಲಿ ಅಷ್ಟು ದೂರ ಸಿಗದಿದ್ದರೆ ಎರಡರ ಹೂ ಬಿಡುವ ಕಾಲ ಮೂರರಿಂದ ನಾಲ್ಕು ವಾರ ಬೇರೆಯಾಗುವಂತೆ ಬಿತ್ತನೆ ಮುಂಚೆ ಅಥವಾ ತಡ ಮಾಡಬೇಕು. ಗಿಡ 200ಕ್ಕಿಂತ ಕಡಿಮೆಯಾಗಬಾರದು. 60×30 ಸೆಂಟಿಮೀಟರ್ ಅಂತರದಲ್ಲಿ ಇದಕ್ಕೆ 36 ಚದರ ಮೀಟರ್ ಸಾಕಾಗುತ್ತದೆ, ಆದರೆ ಎರಡೇ ಸಾಲಿನಲ್ಲಿ ಉದ್ದಕ್ಕೆ ಹಾಕದೆ ಚೌಕವಾಗಿ ಹಾಕಿ, ಪರಾಗ ಚೆನ್ನಾಗಿ ಹರಡಲಿ. ಕೊಯ್ಲಿನಲ್ಲಿ ಬಹಳಷ್ಟು ಜನ ಎಡವುವುದು ಇಲ್ಲಿ: ಕಣ್ಣಿಗೆ ಒಪ್ಪುವ ಐದಾರು ದೊಡ್ಡ ತೆನೆಗಳಿಂದಲೇ ಇಡೀ ಬೀಜ ತೆಗೆಯುತ್ತಾರೆ. ನಾಲ್ಕಾರು ತಲೆಮಾರು ಹೀಗೆ ಮಾಡಿದರೆ ಒಳಸಂಬಂಧ ಹೆಚ್ಚಿ ಗಿಡ ಕುಗ್ಗುತ್ತದೆ, ಇಳುವರಿ ಬೀಳುತ್ತದೆ, ಆಮೇಲೆ ‘ತಳಿ ಹಳತಾಯಿತು’ ಎಂಬ ಮಾತು ಬರುತ್ತದೆ. ಕನಿಷ್ಠ ನೂರು ತೆನೆ ಆರಿಸಿ, ಪ್ರತಿಯೊಂದರ ನಡುಭಾಗದಿಂದ ಸಮಸಂಖ್ಯೆಯ ಕಾಳು ತೆಗೆದು ಬೆರೆಸಿ.

ಸೋರೆ, ಹೀರೆ, ಕುಂಬಳಗಳಿಗೆ ಜೇನುನೊಣದ ಕಾರಣದಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಬೇಕಾಗುತ್ತದೆ. ಅದರ ಬದಲು ಕೈಯಿಂದ ಪರಾಗಸ್ಪರ್ಶ ಮಾಡುವುದೇ ಅಗ್ಗ. ಕುಂಬಳದಲ್ಲಿ ಮರುದಿನ ಅರಳಲಿರುವ ಗಂಡು, ಹೆಣ್ಣು ಮೊಗ್ಗುಗಳ ತುದಿಯನ್ನು ಸಂಜೆಯೇ ದಾರದಿಂದ ಕಟ್ಟಿ. ಬೆಳಿಗ್ಗೆ ಬೇಗ ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ಕೇಸರವನ್ನು ಹೆಣ್ಣು ಹೂವಿನ ನಡುವೆ ಸವರಿ, ಮತ್ತೆ ಕಟ್ಟಿ, ತೊಟ್ಟಿಗೆ ಬಣ್ಣದ ದಾರದ ಗುರುತು ಹಾಕಿ. ಗಂಡು ಹೂವನ್ನು ಬೇರೊಂದು ಬಳ್ಳಿಯಿಂದ ತರುವುದು ಒಳ್ಳೆಯದು. ಸೋರೆ ಅರಳುವುದು ಸಂಜೆ, ಆದ್ದರಿಂದ ಅದಕ್ಕೆ ಹೊತ್ತು ಬದಲಾಗುತ್ತದೆ. ಹತ್ತು ಬಳ್ಳಿಗಳಿಂದಾದರೂ ಹಣ್ಣು ಉಳಿಸಿಕೊಳ್ಳಿ.

ಹೀಗೆ ನೋಡಿದರೆ ಜಾಗ ಬಹಳ ಸಣ್ಣ ಬಾಬ್ತು. ನಿಜವಾದ ಖರ್ಚು ಇರುವುದು ಬೇರೆಯಾಗಿ ನೋಡಿಕೊಳ್ಳುವ ಕೆಲಸದಲ್ಲಿ: ಬೇರೆ ಸಸಿಮಡಿ, ಬೇರೆ ಕೊಯ್ಲು, ಬೇರೆ ಕಣ, ಬೇರೆ ಚೀಲ, ಬರಹದ ಚೀಟಿ. ಈ ಕೆಲಸಕ್ಕೆ ಹಿಡಿಯುವ ಆಳುದಿನಗಳನ್ನು ಒಂದು ಹಂಗಾಮು ಬರೆದಿಡಿ. ನಿಮ್ಮ ಮನೆಯ ಸಂರಕ್ಷಣೆಯ ಬೆಲೆ ಎಷ್ಟು ಎಂಬುದು ಆಗ ತಿಳಿಯುತ್ತದೆ.

ಪ್ರಶ್ನೆ: ಮೂರೇ ವರ್ಷದಲ್ಲಿ ನಮ್ಮ ಕೆಂಪು ಭತ್ತದಲ್ಲಿ ಬಿಳಿ ಅಕ್ಕಿ ಕಾಣಿಸಿಕೊಂಡಿದೆ. ಕೊಳ್ಳುವವರು ಬೆಲೆ ಇಳಿಸಿದ್ದಾರೆ. ಎಲ್ಲಿ ತಪ್ಪಾಯಿತು?

ಉತ್ತರ: ಭತ್ತದಲ್ಲಿ ಮೂರು ವರ್ಷದೊಳಗೆ ಕಾಣುವ ಬೆರಕೆಗೆ ಪರಾಗಕ್ಕಿಂತ ಕೈಕೆಲಸವೇ ಹೆಚ್ಚಾಗಿ ಕಾರಣ. ಹಿಂದಿನ ಬೆಳೆಯಲ್ಲಿ ಉದುರಿದ ಕಾಳು ಗದ್ದೆಯಲ್ಲೇ ಮೊಳೆತಿರಬಹುದು. ಒಕ್ಕುವ ಯಂತ್ರದೊಳಗೆ ಬೇರೆ ತಳಿಯ ಕಾಳು ಉಳಿದಿರಬಹುದು. ಹಳೆಯ ಚೀಲದ ಹೊಲಿಗೆಯಲ್ಲಿ ನಾಲ್ಕು ಕಾಳು ಸಿಕ್ಕಿಕೊಂಡಿದ್ದರೂ ಸಾಕು.

ಸಸಿ ನೆಡುವುದಕ್ಕೆ ಎರಡು ವಾರ ಮುಂಚೆ ಗದ್ದೆಗೆ ನೀರು ಕಟ್ಟಿ, ಉದುರು ಕಾಳು ಮೊಳೆಯಲು ಬಿಟ್ಟು, ಆಮೇಲೆ ಉತ್ತು ಮಣ್ಣಿಗೆ ಸೇರಿಸಿ. ಬೀಜದ ಪಾತಿಯನ್ನು ಯಂತ್ರಕ್ಕೆ ಕೊಡದೆ ಟಾರ್ಪಾಲಿನ ಮೇಲೆ ಕೈಯಿಂದ ಬಡಿಯಿರಿ. 40 ಚದರ ಮೀಟರಿಗೆ ಇದು ಅರ್ಧ ದಿನದ ಕೆಲಸವೂ ಅಲ್ಲ. ಅಂಚಿನ ಎರಡು ಸಾಲು ಬೀಜಕ್ಕೆ ಬೇಡ.

ಬೆರಕೆ ಕೀಳುವುದು ಮೂರು ಸಲ. ತೆಂಡೆ ಒಡೆಯುವ ಹಂತದಲ್ಲಿ ಬುಡದ ಬಣ್ಣ, ಎಲೆಯ ಅಗಲ ನೋಡಿ. ಹೂ ಹಂತದಲ್ಲಿ ತೀರಾ ಮುಂಚೆ ಅಥವಾ ತೀರಾ ತಡವಾಗಿ ತೆನೆ ಬಿಟ್ಟವನ್ನು, ಮೀಸೆಯಿಲ್ಲದ ತಳಿಯಲ್ಲಿ ಮೀಸೆ ಇರುವವನ್ನು ತೆಗೆಯಿರಿ. ಕೊಯ್ಲಿಗೆ ಮುಂಚೆ ಕಾಳಿನ ಉದ್ದ, ಹೊಟ್ಟಿನ ಬಣ್ಣ ನೋಡಿ. ಸಂಶಯ ಬಂದ ತೆನೆಯ ಎರಡು ಕಾಳು ಸುಲಿದರೆ ಅಕ್ಕಿಯ ಬಣ್ಣ ತಿಳಿಯುತ್ತದೆ. ಕೀಳುವಾಗ ಬುಡಸಮೇತ ಕೀಳಬೇಕು, ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

ಹಾಗೆಂದು ಎಲ್ಲ ಗಿಡವೂ ಅಚ್ಚು ಹಾಕಿದಂತೆ ಇರಬೇಕೆಂದು ಹಟ ಹಿಡಿಯಬೇಡಿ. ನಾಟಿ ತಳಿಯೊಳಗೆ ಸಹಜವಾದ ವೈವಿಧ್ಯ ಇರುತ್ತದೆ, ಅದರ ಬಲ ಇರುವುದೂ ಅಲ್ಲೇ. ತಳಿಯ ಲಕ್ಷಣಗಳನ್ನು ಒಂದು ಕಾರ್ಡಿನಲ್ಲಿ ಮೊದಲೇ ಬರೆದಿಟ್ಟುಕೊಂಡಿದ್ದರೆ ಹೊರಗಿನಿಂದ ಬಂದದ್ದು ಯಾವುದು, ಒಳಗಿನದೇ ಯಾವುದು ಎಂದು ತೀರ್ಮಾನಿಸಲು ಸುಲಭ.

ಪ್ರಶ್ನೆ: ಎಂಟು ತಳಿಗಳನ್ನು ಪ್ರತಿ ವರ್ಷವೂ ಬೆಳೆಯಲೇಬೇಕೆ? ಬೀಜ ಎಷ್ಟು ವರ್ಷ ಇಡಬಹುದು?

ಉತ್ತರ: ಚೆನ್ನಾಗಿ ಒಣಗಿಸಿ ಇಟ್ಟರೆ ಬೇಕಿಲ್ಲ. ಖರ್ಚು ಇಳಿಸುವ ಅತ್ಯಂತ ಸುಲಭದ ದಾರಿ ಇದು. ಬೀಜ ವಿಜ್ಞಾನದಲ್ಲಿ ಹ್ಯಾರಿಂಗ್ಟನ್ ಹೆಸರಿನ ಒಂದು ಅಂದಾಜು ಸೂತ್ರವಿದೆ: ಬೀಜದ ತೇವ ಶೇಕಡಾ ಒಂದರಷ್ಟು ಇಳಿದರೆ ಬಾಳಿಕೆ ಇಮ್ಮಡಿ, ಇಡುವ ಜಾಗದ ಉಷ್ಣತೆ 5 ಡಿಗ್ರಿ ಇಳಿದರೆ ಬಾಳಿಕೆ ಮತ್ತೆ ಇಮ್ಮಡಿ. ತೇವವನ್ನು 14ರಿಂದ 10ಕ್ಕೆ ಇಳಿಸಿದರೆ ಹದಿನಾರು ಪಟ್ಟು. ಫ್ರಿಜ್ ಕೊಳ್ಳುವುದಕ್ಕೆ ಮುಂಚೆ ಒಣಗಿಸುವುದಕ್ಕೆ ಗಮನ ಕೊಡಿ ಎಂದು ಹೇಳುವುದು ಇದಕ್ಕೇ.

ಬಿಸಿಲು ಚುರುಕಾದಾಗ ಬೀಜವನ್ನು ನೆರಳಿಗೆ ಎಳೆಯಿರಿ, ಬೀಜದ ರಾಶಿ 40 ಡಿಗ್ರಿಗಿಂತ ಬಿಸಿಯಾಗಬಾರದು. ತೇವ ನೋಡಲು ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಬೀಜ, ಒಂದೆರಡು ಚಮಚ ಒಣ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇಕಡಾ 15ಕ್ಕಿಂತ ಹೆಚ್ಚಿದೆ. ಅಂಟದಿದ್ದರೆ ಅದಕ್ಕಿಂತ ಕಡಿಮೆ ಎಂದಷ್ಟೇ ಅರ್ಥ, ಇನ್ನೂ ಒಣಗಿಸಬೇಕು. ಸಣ್ಣ ಪ್ರಮಾಣವಾದರೆ ಬೀಜದಷ್ಟೇ ತೂಕದ, ತೇವ ಹೀರುವ ಒಣ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಇಟ್ಟು, ಆಮೇಲೆ ಜೆಲ್ ತೆಗೆದು ಮುಚ್ಚಳ ಬಿಗಿ ಮಾಡಿ. ಒಣಗದ ಬೀಜವನ್ನು ಗಾಳಿಯಾಡದ ಡಬ್ಬಿಗೆ ಹಾಕಿದರೆ ಮುಗ್ಗಿ ಸಾಯುತ್ತದೆ. ಅದಕ್ಕಿಂತ ಬಟ್ಟೆಚೀಲವೇ ಮೇಲು. ಬೇಳೆಕಾಳಿನ ಬೀಜಕ್ಕೆ ಕಿಲೋಗೆ 5 ಮಿಲಿಲೀಟರ್ ಅಡುಗೆ ಎಣ್ಣೆ ಸವರಿದರೆ ಹುಳ ಹತ್ತುವುದು ಕಡಿಮೆ.

ವರ್ಷಕ್ಕೊಮ್ಮೆ 25ರಂತೆ ನಾಲ್ಕು ಗುಂಪು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ಮೊಳಕೆ ಎಣಿಸಿ. ಮೊದಲು 96 ಮೊಳೆತದ್ದು 82ಕ್ಕಿಂತ ಕೆಳಗಿಳಿದರೆ, ಅಂದರೆ ಆರಂಭದ ಮೊಳಕೆಯ ಶೇಕಡಾ 85ಕ್ಕಿಂತ ಕಡಿಮೆಯಾದರೆ, ಆ ವರ್ಷವೇ ಬಿತ್ತಿ. ತಳಿಗಳ ಬೀಜವನ್ನು ಕಾಪಿಡುವ ಜೀನ್ ಬ್ಯಾಂಕುಗಳೂ ಅನುಸರಿಸುವ ಮಿತಿ ಇದು. ನಾಲ್ಕು ವರ್ಷ ಬಾಳುವ ಬೀಜವಾದರೆ ಎಂಟು ತಳಿಗಳಲ್ಲಿ ವರ್ಷಕ್ಕೆ ಎರಡೇ ಬೆಳೆದರೆ ಸಾಕು, ಕೆಲಸ ಕಾಲು ಭಾಗಕ್ಕೆ ಇಳಿಯುತ್ತದೆ. ಸೋಯಾ, ಶೇಂಗಾ, ಈರುಳ್ಳಿ ಬೀಜಗಳು ಮಾತ್ರ ಬೇಗ ಸಾಯುತ್ತವೆ, ಅವನ್ನು ಈ ಸರದಿಗೆ ಸೇರಿಸಬೇಡಿ. ಬಿತ್ತುವಾಗ ಎಲ್ಲ ಬೀಜವನ್ನೂ ಹೊಲಕ್ಕೆ ಹಾಕದೆ ಮೂರನೇ ಒಂದು ಭಾಗ ಡಬ್ಬಿಯಲ್ಲೇ ಉಳಿಸಿ.

ಪ್ರಶ್ನೆ: ಒಬ್ಬ ವ್ಯಾಪಾರಿ ಒಳ್ಳೆಯ ಬೆಲೆ ಕೊಟ್ಟರು. ಮರುವರ್ಷ ನಾಲ್ಕು ಪಟ್ಟು ಬೆಳೆದೆವು, ಅವರು ಕೊಳ್ಳಲಿಲ್ಲ. ನಾಟಿ ತಳಿಗೆ ಮಾರುಕಟ್ಟೆ ಇದೆಯೋ ಇಲ್ಲವೋ?

ಉತ್ತರ: ಇದೆ, ಆದರೆ ಬಹಳ ತೆಳುವಾದ ಮಾರುಕಟ್ಟೆ. ಹತ್ತು ಮನೆಯವರು ಒಟ್ಟಿಗೆ ಜಾಸ್ತಿ ಬೆಳೆದರೆ ಬೆಲೆ ಕುಸಿಯುತ್ತದೆ. ಕ್ವಿನೋವಾ ಎಂಬ ಧಾನ್ಯ ಇದಕ್ಕೆ ದೊಡ್ಡ ಉದಾಹರಣೆ. 2013 ಅಂತರರಾಷ್ಟ್ರೀಯ ಕ್ವಿನೋವಾ ವರ್ಷವಾಗಿತ್ತು, ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ರೈತರಿಗೆ ಬೆಲೆ ಮುಗಿಲಿಗೇರಿತು. ಬೇರೆ ದೇಶಗಳೂ ಬೆಳೆಯತೊಡಗಿದವು, 2015ರ ಹೊತ್ತಿಗೆ ದರ ಬಿತ್ತು. ಅದಕ್ಕಿಂತ ಚಿಂತೆಯ ಸಂಗತಿಯೆಂದರೆ ರಫ್ತಿನ ಬೇಡಿಕೆ ಕೆಲವೇ ಬಗೆಗಳ ಮೇಲೆ ಇತ್ತು. ಉಳಿದ ಬಗೆಗಳಿಗೆ ಆ ಏರಿದ ಬೆಲೆಯಿಂದ ಏನೂ ಸಿಗಲಿಲ್ಲ.

ಮಾರುಕಟ್ಟೆ ಮೆಚ್ಚುವುದು ಕಣ್ಣಿಗೆ ಕಾಣುವ, ಮೂಗಿಗೆ ಬರುವ ಗುಣವನ್ನು: ಪರಿಮಳ, ಬಣ್ಣ, ಮೃದುತನ. ಬೇರು ಆಳಕ್ಕೆ ಇಳಿಯುವ ತಳಿಗೆ, ರೋಗ ತಡೆಯುವ ತಳಿಗೆ ಅಂಗಡಿಯಲ್ಲಿ ಹೆಚ್ಚಿನ ಬೆಲೆ ಇಲ್ಲ. ಹತ್ತರಲ್ಲಿ ಎರಡು ಮೂರನ್ನು ಮಾರುಕಟ್ಟೆ ಉಳಿಸಬಹುದು, ಉಳಿದವನ್ನು ಬೇರೆ ದಾರಿಯಿಂದಲೇ ಉಳಿಸಬೇಕು.

ಮಾರುವ ತಳಿಗೆ ನಮ್ಮ ಸಲಹೆ ಇಷ್ಟು. ಕೊಳ್ಳುವವರು ಕೈಕೊಟ್ಟರೂ ಮನೆಯಲ್ಲಿ ಬಳಸಿ ಅಥವಾ ಸಾಮಾನ್ಯ ದರಕ್ಕೆ ಮಾರಿ ಖರ್ಚು ಹುಟ್ಟುವಷ್ಟು ಜಾಗಕ್ಕೇ ಬೆಳೆ ಸೀಮಿತವಾಗಿರಲಿ. ಅದಕ್ಕೂ ಹೆಚ್ಚು ಬೆಳೆಯುವುದಾದರೆ ಮುಂಗಡ ಪಡೆದೇ ಬಿತ್ತಿ. ಬಾಯಿಮಾತಿನ ಭರವಸೆ ಮುಂಗಡಕ್ಕೆ ಸಮವಲ್ಲ.

ಸಾಗಣೆ, ಶುಚಿ ಮಾಡುವುದು, ಮಿಲ್ಲಿನ ಬಾಡಿಗೆ ಇವು ಸರಕು ಎಷ್ಟೇ ಇರಲಿ ಹೆಚ್ಚೂಕಡಿಮೆ ಅಷ್ಟೇ ಬೀಳುತ್ತವೆ. ಒಂದು ಸಲಕ್ಕೆ 300 ಆಗುವುದಾದರೆ 3 ಕ್ವಿಂಟಲ್ ಒಯ್ದವರಿಗೆ ಕ್ವಿಂಟಲ್‌ಗೆ 100 ಬೀಳುತ್ತದೆ, 30 ಕ್ವಿಂಟಲ್ ಒಯ್ದವರಿಗೆ 10. ಮೂರು ಕ್ವಿಂಟಲ್‌ನ ಹೆಚ್ಚುವರಿ ಬೆಲೆಯೆಲ್ಲ ಲಾರಿಯಲ್ಲೇ ಕರಗಿಹೋಗುತ್ತದೆ. ಒಂದೇ ತಳಿ ಬೆಳೆದವರು ಸೇರಿ ಒಯ್ಯಿರಿ. ಸೇರಿಸುವ ಮುಂಚೆ ಪ್ರತಿ ಮನೆಯ ಚೀಲದ ತೇವ, ಬೆರಕೆ ನೋಡಲೇಬೇಕು. ಒಬ್ಬರ ಹಸಿ ಭತ್ತ ಎಲ್ಲರ ಅಕ್ಕಿಯನ್ನೂ ನುಚ್ಚು ಮಾಡುತ್ತದೆ. ಮಿಲ್ಲಿನಲ್ಲಿ ಹಿಂದಿನವರ ಅಕ್ಕಿ ಯಂತ್ರದೊಳಗೆ ಉಳಿದಿರುತ್ತದೆ, ಮೊದಲು ಹೊರಬರುವ ಅಕ್ಕಿಯನ್ನು ಬೇರೆಯಿಟ್ಟು ಮನೆಗೆ ಬಳಸಿ.

ಪ್ರಶ್ನೆ: ಬಿತ್ತನೆ ಬೀಜ ಕೇಳಿ ಬರುವವರಿಗೆ ಊಟದ ಭತ್ತದ ದರದಲ್ಲೇ ಕೊಡುತ್ತಿದ್ದೇವೆ. ಸರಿಯಾದ ದರ ಹೇಗೆ ಕಟ್ಟಬೇಕು?

ಉತ್ತರ: ಆ ದರಕ್ಕೆ ಕೊಟ್ಟರೆ ತಳಿ ಉಳಿಸುವ ಖರ್ಚನ್ನು ನೀವೊಬ್ಬರೇ ಹೊರುತ್ತೀರಿ. ಬೀಜದ ಪಾತಿಯಿಂದ ಬಂದ 100 ಕಿಲೋ ಹಿಡಿದು ಲೆಕ್ಕ ಮಾಡೋಣ. ಕಾಳಾಗಿ ಮಾರಿದ್ದರೆ 100 ಬರುತ್ತಿತ್ತು. ಬೆರಕೆ ಕೀಳಲು, ಬೇರೆಯಾಗಿ ಕೊಯ್ದು ಒಣಗಿಸಲು, ತೂರಿ ಆರಿಸಲು ಆರು ಆಳುದಿನ, ದಿನಕ್ಕೆ 5ರಂತೆ 30. ಚೀಲ, ಡಬ್ಬಿ, ಮೊಳಕೆ ಪರೀಕ್ಷೆಗೆ 8. ಒಟ್ಟು 138.

ಆ ನೂರರಲ್ಲಿ 15 ಕಿಲೋ ಹಗುರ ಕಾಳು ತೂರುವಾಗ ಹೋಗುತ್ತದೆ, ಮೇವಿನ ಲೆಕ್ಕದಲ್ಲಿ 5 ಬರಬಹುದು. 10 ಕಿಲೋ ನಿಮ್ಮ ಮೀಸಲು. 15 ಕಿಲೋ ಬೀಜವಾಗಿ ಮಾರಾಟವಾಗದೆ ಊಟದ ದರಕ್ಕೆ ಹೋಗುತ್ತದೆ, ಅದರಿಂದ 15. ಹಾಗಾದರೆ ಉಳಿದ 60 ಕಿಲೋದಿಂದ 118 ಹುಟ್ಟಬೇಕು, ಅಂದರೆ ಊಟದ ಭತ್ತದ ಸುಮಾರು ಎರಡು ಪಟ್ಟು ದರ. ಕೇಳಲು ಸಂಕೋಚ ಬೇಡ. ಹಣದ ಬದಲು ಬೀಜವನ್ನೇ ವಾಪಸ್ ಪಡೆಯುವುದಾದರೆ ಒಂದಕ್ಕೆ ಎರಡು ಪಡೆಯಿರಿ. ಆದರೆ ಹಿಂತಿರುಗಿ ಬಂದ ಕಾಳನ್ನು ಎಂದಿಗೂ ನಿಮ್ಮ ಮೂಲ ಬೀಜಕ್ಕೆ ಸೇರಿಸಬೇಡಿ. ಅದರಲ್ಲಿ ಬೆರಕೆ ಎಷ್ಟಿದೆ ಎಂದು ಹೇಳಲಾಗದು.

ಜೊಳ್ಳು ಬೇರ್ಪಡಿಸಲು ಉಪ್ಪುನೀರು ಬಳಸುವವರು ಅದನ್ನು ಬಿತ್ತುವ ಮುಂಚೆ ಮಾಡಬೇಕು, ದಾಸ್ತಾನಿಗೆ ಮುಂಚೆ ಅಲ್ಲ. ತಾಜಾ ಕೋಳಿಮೊಟ್ಟೆ ತೇಲಿ ಮೇಲೆ ಸಣ್ಣ ನಾಣ್ಯದಗಲ ಕಾಣುವಷ್ಟು ಉಪ್ಪು ಕರಗಿಸಿ, ಬೀಜ ಸುರಿದು, ತೇಲಿದ್ದನ್ನು ತೆಗೆದು, ಮುಳುಗಿದ್ದನ್ನು ಎರಡು ಸಲ ಸಿಹಿನೀರಿನಲ್ಲಿ ತೊಳೆಯಿರಿ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಭಾರತದ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜ ಇಟ್ಟುಕೊಳ್ಳುವ, ಹಂಚುವ, ಮಾರುವ ಹಕ್ಕನ್ನು ರೈತರಿಗೆ ಕೊಡುತ್ತದೆ. ನೋಂದಾಯಿತ ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹಾಕಿ ಮಾರಲು ಮಾತ್ರ ಬಿಡುವುದಿಲ್ಲ.

ಪ್ರಶ್ನೆ: ಒಂದೇ ಗದ್ದೆಯಲ್ಲಿ ಸುಧಾರಿತ ತಳಿ, ನಾಟಿ ತಳಿ ಎರಡನ್ನೂ ಸಾಲು ಸಾಲಾಗಿ ಹಾಕಬಹುದೇ?

ಉತ್ತರ: ಹಾಕಬಹುದು, ಅದಕ್ಕೆ ಗಟ್ಟಿ ಆಧಾರವೂ ಇದೆ. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ 1998 ಮತ್ತು 1999ರಲ್ಲಿ ಸಾವಿರಾರು ಹೆಕ್ಟೇರಿನಲ್ಲಿ ಇದನ್ನು ಮಾಡಿ ನೋಡಿದರು. ಗಿಡ್ಡ ಹೈಬ್ರಿಡ್ ಭತ್ತದ ಸಾಲುಗಳ ನಡುನಡುವೆ ಎತ್ತರದ ಅಂಟಕ್ಕಿ ನಾಟಿ ತಳಿಯ ಒಂದೊಂದು ಸಾಲು. ಅಂಟಕ್ಕಿಗೆ ಬೆಲೆ ಹೆಚ್ಚು, ಆದರೆ ಬೆಂಕಿರೋಗಕ್ಕೆ ಬಲುಬೇಗ ತುತ್ತಾಗುತ್ತದೆ. ಒಂದೇ ತಳಿಯಾಗಿ ಬೆಳೆದದ್ದಕ್ಕೆ ಹೋಲಿಸಿದರೆ ಬೆರೆಸಿ ನೆಟ್ಟಲ್ಲಿ ಆ ತಳಿಯ ರೋಗದ ತೀವ್ರತೆ ಶೇಕಡಾ 94ರಷ್ಟು ಇಳಿಯಿತು, ಇಳುವರಿ ಶೇಕಡಾ 89ರಷ್ಟು ಏರಿತು. ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ಶಿಲೀಂಧ್ರನಾಶಕ ಸಿಂಪಡಣೆಯನ್ನೇ ಬಿಟ್ಟರು. ರೋಗದ ಬೀಜಕಣ ಒಂದು ಅಂಟಕ್ಕಿ ಗಿಡದಿಂದ ಇನ್ನೊಂದಕ್ಕೆ ಹಾರಬೇಕಾದರೆ ನಡುವೆ ತನಗೆ ಬಗ್ಗದ ಹೈಬ್ರಿಡ್ ಸಾಲುಗಳನ್ನು ದಾಟಬೇಕು. ಎತ್ತರದ ತೆನೆಗಳಿಗೆ ಗಾಳಿ ಬೆಳಕು ಸಿಕ್ಕಿ ಎಲೆಯ ಮೇಲಿನ ತೇವವೂ ಬೇಗ ಆರುತ್ತದೆ.

ಖರ್ಚು ಬೀಳುವುದು ಕೊಯ್ಲಿನಲ್ಲಿ. ಎರಡನ್ನೂ ಬೇರೆಬೇರೆಯಾಗಿ ಕೈಯಲ್ಲೇ ಕೊಯ್ಯಬೇಕು. ಕೂಲಿ ದುಬಾರಿಯಾದ ಕಡೆ, ಯಂತ್ರದಲ್ಲಿ ಕೊಯ್ಯುವ ಕಡೆ ಇದು ಹೊಂದುವುದಿಲ್ಲ. ಇಂಥ ಗದ್ದೆಯಿಂದ ಬಿತ್ತನೆ ಬೀಜ ತೆಗೆಯಬೇಡಿ, ಬೀಜಕ್ಕೆ ಪ್ರತ್ಯೇಕ ಪಾತಿ ಇದ್ದೇ ಇರಬೇಕು.

ಪ್ರಶ್ನೆ: ಜೀನ್ ಬ್ಯಾಂಕುಗಳಲ್ಲಿ ಎಲ್ಲ ತಳಿ ಇಟ್ಟಿದ್ದಾರಂತೆ. ಬಡ ರೈತ ಯಾಕೆ ಕಷ್ಟಪಡಬೇಕು? ಪಡುವುದಾದರೆ ಅದಕ್ಕೆ ಹಣ ಕೊಡುವವರು ಯಾರು?

ಉತ್ತರ: ಜೀನ್ ಬ್ಯಾಂಕು ಬೇಕೇ ಬೇಕು. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪದಲ್ಲಿ 2008ರಲ್ಲಿ ತೆರೆದ ಭೂಗತ ಕೋಠಿಯಲ್ಲಿ ಬೀಜಗಳನ್ನು ಮೈನಸ್ 18 ಡಿಗ್ರಿಯಲ್ಲಿ ಇಡುತ್ತಾರೆ. ಸಿರಿಯಾದ ಯುದ್ಧದಿಂದ ಅಲೆಪ್ಪೊ ಬಳಿಯ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರಕ್ಕೆ ತನ್ನ ಸಂಗ್ರಹ ಕೈಗೆಟುಕದಂತಾದಾಗ, 2015ರಲ್ಲಿ ಸ್ವಾಲ್ಬಾರ್ಡ್‌ನಿಂದಲೇ ಬೀಜ ಹಿಂಪಡೆದು ಲೆಬನಾನ್, ಮೊರಾಕ್ಕೊಗಳಲ್ಲಿ ಬೆಳೆಸಿದರು. ಆದರೆ ಹಿಮದಲ್ಲಿಟ್ಟ ಬೀಜ ಇಟ್ಟ ದಿನದಂತೆಯೇ ಇರುತ್ತದೆ. ಹೊಸ ರೋಗ, ಬದಲಾದ ಮಳೆಗೆ ಹೊಂದಿಕೊಳ್ಳುವುದು ಹೊಲದಲ್ಲಿ ವರ್ಷವರ್ಷವೂ ಬೆಳೆಯುವ ತಳಿ ಮಾತ್ರ.

ಬೆಲೆಯಿಲ್ಲದ ತಳಿಗೆ ಯಾವಾಗ ಬೆಲೆ ಬರುತ್ತದೆಂದು ಮುಂಚಿತವಾಗಿ ತಿಳಿಯುವುದೂ ಇಲ್ಲ. ಅಮೆರಿಕದ ಸಸ್ಯವಿಜ್ಞಾನಿ ಜ್ಯಾಕ್ ಹಾರ್ಲನ್ 1948ರಲ್ಲಿ ಪೂರ್ವ ತುರ್ಕಿಯಿಂದ ಒಂದು ಗೋಧಿ ತಂದರು. ಸಣಕಲು ಕಾಂಡ, ಮಲಗುವ ಪೈರು, ರೊಟ್ಟಿಗೂ ಒಗ್ಗದ ಹಿಟ್ಟು. ಸುಮಾರು ಹದಿನೈದು ವರ್ಷ ಅದನ್ನು ಕೇಳುವವರಿರಲಿಲ್ಲ. ಅಮೆರಿಕದ ವಾಯವ್ಯ ಭಾಗದಲ್ಲಿ ಪಟ್ಟೆ ತುಕ್ಕುರೋಗ ಹಬ್ಬಿದಾಗ ಅದನ್ನು ತಡೆಯುವ ಗುಣ ಆ ಗೋಧಿಯಲ್ಲಿ ಸಿಕ್ಕಿತು, ಅಲ್ಲಿನ ತಳಿ ಅಭಿವೃದ್ಧಿಗೆ ಅದೇ ಆಧಾರವಾಯಿತು. ಲಾಭ ಸಿಕ್ಕಿದ್ದು ಸಾವಿರಾರು ಮೈಲಿ ಆಚೆಯವರಿಗೆ. ಅಷ್ಟು ಕಾಲ ಅದನ್ನು ಬಿತ್ತಿ ಉಳಿಸಿದ ತುರ್ಕಿಯ ಮನೆಗಳಿಗೆ ಆ ಲೆಕ್ಕದಿಂದ ಏನೂ ಬರಲಿಲ್ಲ.

ಹೀಗಾಗಿ ಇಡೀ ಲೋಕಕ್ಕೆ ಬೇಕಾದ ಕೆಲಸದ ಖರ್ಚನ್ನು ಎರಡು ಎಕರೆಯ ರೈತನ ತಲೆಗೆ ಕಟ್ಟುವುದು ಅನ್ಯಾಯ ಎಂದು ನಾವು ನೇರವಾಗಿಯೇ ಹೇಳುತ್ತೇವೆ. 2001ರಲ್ಲಿ ಒಪ್ಪಿಕೊಂಡು 2004ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಒಪ್ಪಂದದ 9ನೆಯ ವಿಧಿ ಲಾಭದಲ್ಲಿ ನ್ಯಾಯವಾದ ಪಾಲು ರೈತರ ಹಕ್ಕು ಎಂದು ಗುರುತಿಸಿದೆ. ಅದನ್ನು ಜಾರಿ ಮಾಡುವ ಹೊಣೆ ಆಯಾ ದೇಶದ ಸರ್ಕಾರದ್ದು.

ಮಾಡಿ ತೋರಿಸಿದ ಒಂದು ದಾರಿಯೂ ಇದೆ. ಬೊಲಿವಿಯಾ ಮತ್ತು ಪೆರುವಿನಲ್ಲಿ ಅಳಿವಿನಂಚಿನ ಕ್ವಿನೋವಾ ಬಗೆಗಳಿಗೆ ರೈತ ಗುಂಪುಗಳಿಂದ ಟೆಂಡರ್ ಕರೆದರು. ಯಾವ ಬಗೆ, ಎಷ್ಟು ಜಾಗ, ಎಷ್ಟು ಮನೆ, ಪ್ರತಿಯಾಗಿ ಏನು ಬೇಕು ಎಂದು ಗುಂಪುಗಳೇ ಬರೆದುಕೊಟ್ಟವು. ಪ್ರತಿಫಲ ಹಣದ ರೂಪದಲ್ಲಿ ಇರಲಿಲ್ಲ, ಗುಂಪು ಕೇಳಿದ ಉಪಕರಣ, ಸಾಮಗ್ರಿಗಳ ರೂಪದಲ್ಲಿತ್ತು. ನಿಮ್ಮಲ್ಲಿ ಇಂಥ ಯೋಜನೆ ಬಂದರೆ ಕೇಳಬೇಕಾದ ಮೊತ್ತದಲ್ಲಿ ಮೂರು ಬಾಬ್ತು ಇರಲಿ: ಪಾತಿಯ ಜಾಗದ ಅಂತರ, ಬೇರೆಯಾಗಿ ನೋಡಿಕೊಳ್ಳುವ ಆಳುದಿನ, ದಾಖಲೆ ಬರೆಯುವ ಕೆಲಸ. ಮೊದಲನೆಯದು ಎಲ್ಲಕ್ಕಿಂತ ಸಣ್ಣದಾಗಿರುತ್ತದೆ, ಹೆಚ್ಚಿನ ಅರ್ಜಿಗಳಲ್ಲಿ ಬರೆದಿರುವುದು ಅದೊಂದನ್ನೇ.

ಪ್ರಶ್ನೆ: ನಾವು ಹತ್ತು ಮನೆ ಸೇರಿ 24 ತಳಿ ಉಳಿಸಬೇಕೆಂದಿದ್ದೇವೆ. ಹೇಗೆ ಹಂಚಿಕೊಳ್ಳಬೇಕು?

ಉತ್ತರ: ಮೊದಲು ಎಲ್ಲವನ್ನೂ ಒಂದೇ ಕಡೆ ಎರಡೆರಡು ಸಾಲು ಹಾಕಿ ಹೂ ಬಿಡುವ ದಿನ, ಎತ್ತರ, ಕಾಳಿನ ಬಣ್ಣ ಹೋಲಿಸಿ. ಹೆಸರು ಎರಡಿದ್ದು ತಳಿ ಒಂದೇ ಆಗಿರುವುದು ಸಾಮಾನ್ಯ. ಉಳಿದವನ್ನು ನಾಲ್ಕು ಗುಂಪು ಮಾಡಿ: ಹೆಚ್ಚು ಮನೆ ಹೆಚ್ಚು ಜಾಗ, ಹೆಚ್ಚು ಮನೆ ಕಡಿಮೆ ಜಾಗ, ಕಡಿಮೆ ಮನೆ ಹೆಚ್ಚು ಜಾಗ, ಕಡಿಮೆ ಮನೆ ಕಡಿಮೆ ಜಾಗ. ಮೊದಲ ಗುಂಪಿಗೆ ಯಾರ ಸಹಾಯವೂ ಬೇಡ. ಶ್ರಮ ಹೋಗಬೇಕಾದದ್ದು ಕೊನೆಯ ಗುಂಪಿಗೆ.

ಪ್ರತಿ ತಳಿಯೂ ಮೂರು ಮನೆಯಲ್ಲಿ ಇರಲಿ. 24 ತಳಿಗೆ 72 ಪಾತಿ, ಮನೆಗೆ ಏಳು. ಒಂದು ಮನೆಯಲ್ಲಿ ವರ್ಷಕ್ಕೆ ಹತ್ತರಲ್ಲಿ ಒಂದು ಬೀಜ ಹಾಳಾಗುತ್ತದೆ ಎಂದುಕೊಂಡರೆ, ಒಂದೇ ಮನೆಯಲ್ಲಿಟ್ಟ 24ರಲ್ಲಿ ವರ್ಷಕ್ಕೆ ಎರಡು ಮೂರು ಹೋಗುತ್ತವೆ. ಮೂರು ಮನೆಯಲ್ಲಿದ್ದರೆ ಒಂದು ತಳಿ ಪೂರ್ತಿ ಕೈತಪ್ಪುವ ಸಂಭವ ಸಾವಿರಕ್ಕೆ ಒಂದು. ಆ ಮೂರು ಮನೆ ಒಂದೇ ಹಳ್ಳದ ಅಂಚಿನಲ್ಲಿ ಇರಬಾರದು, ಒಂದು ನೆರೆ ಬಂದರೆ ಮೂರೂ ಹೋಗುತ್ತವೆ.

ಪ್ರಶ್ನೆ: ಹಲಸು, ಮಾವು, ಗೆಡ್ಡೆಗಳಿಗೂ ಇದೇ ಕ್ರಮವೇ?

ಉತ್ತರ: ಅಲ್ಲ. ಹಲಸು, ಮಾವಿನ ಬೀಜ ಒಣಗಿಸಿದರೆ ಸಾಯುತ್ತದೆ, ಬೀಜದಿಂದ ಎದ್ದ ಗಿಡ ಸಾಮಾನ್ಯವಾಗಿ ತಾಯಿಮರದಂತೆ ಇರುವುದೂ ಇಲ್ಲ. ಇವಕ್ಕೆ ಕಸಿಯೇ ದಾರಿ. ತಾಯಿಮರ ಬೀಳುವ ಮುಂಚೆ ಕನಿಷ್ಠ ಮೂರು ಬೇರೆ ಜಾಗದಲ್ಲಿ ಕಸಿಗಿಡ ಇರುವಂತೆ ನೋಡಿಕೊಳ್ಳಿ. ಬದುವಿನ ಮೇಲೆ ನೆಟ್ಟರೆ ಜಾಗದ ಖರ್ಚೂ ಹೆಚ್ಚಿಲ್ಲ. ಆಲೂಗಡ್ಡೆ, ಗೆಣಸಿನಂಥ ಬೆಳೆಯಲ್ಲಿ ವರ್ಷವರ್ಷವೂ ನಂಜುರೋಗ ಸೇರುತ್ತಾ ಹೋಗಿ ಇಳುವರಿ ಕುಗ್ಗುತ್ತದೆ. ಬೆಳೆ ಹಸಿರಾಗಿ ತುಂಬಿ ನಿಂತಾಗಲೇ ಎಲೆ ಮುರುಟದ, ಹಳದಿ ಮಚ್ಚೆಯಿಲ್ಲದ ಗಿಡಗಳ ಪಕ್ಕ ಕಡ್ಡಿ ನೆಟ್ಟು ಗುರುತು ಮಾಡಿ. ಎರಡು ವಾರ ಬಿಟ್ಟು ಮತ್ತೆ ನೋಡಿ, ರೋಗ ಕಂಡಲ್ಲಿ ಕಡ್ಡಿ ತೆಗೆಯಿರಿ. ಮುಂದಿನ ವರ್ಷದ ಬಿತ್ತನೆ ಗೆಡ್ಡೆಯನ್ನು ಕಡ್ಡಿ ಉಳಿದ ಗಿಡಗಳಿಂದ ಮಾತ್ರ ಆರಿಸಿ, ಮಿಕ್ಕ ಬೆಳೆ ಕೀಳುವ ಮುಂಚೆ ಅವನ್ನು ಬೇರೆಯಾಗಿ ಅಗೆದು ತೆಗೆದಿಡಿ.